ಯಾವ ಮಗ್ಗುಲು ಮೇಲಿತ್ತು

ನಲ್ಲಿಯ ತುದಿಯಲ್ಲಿ ಹನಿ ದಪ್ಪವಾಗುತ್ತಿದೆ, ಈಗ ಬಿದ್ದೀತು, ಇನ್ನೂ ಬಿದ್ದಿಲ್ಲ, ಕೈಯಲ್ಲಿ ಸೋಪು ಹಚ್ಚಿದ ತಟ್ಟೆ, ಉಗುರಿನ ಸಂದಿಯಲ್ಲಿ ಬೆಳಗಿನ ಮರಳು ಹಾಗೇ ಕೂತಿದೆ, ಕೂತಿರಲಿ — ಬೆಳಗ್ಗೆ ಅಲೆ ಬಂದು ಆ ಗೂಡಿನ ಅಂಚನ್ನೇ ನೆಕ್ಕುತ್ತಿತ್ತು, ನಾಲ್ಕು ದಿನದ ಹಿಂದೆ ಆಮೆ ಮೊಟ್ಟೆಯಿಟ್ಟು ಹೋದ ಜಾಗ, ಮಗಳು ಚಿಕ್ಕವಳಿದ್ದಾಗ ಅಲ್ಲಿಂದ ನೀರಿನವರೆಗೆ ಓಡಿದರೆ ಏದುಸಿರು ಬರುತ್ತಿತ್ತು, ಈಗ ಸಮುದ್ರವೇ ಓಡಿಬರುತ್ತದೆ. ಮೊಟ್ಟೆಗಳನ್ನು ಎತ್ತಿ ಮೇಲಿನ ಬೇಲಿಯೊಳಗೆ ನೆರಳುಬಟ್ಟೆಯ ಕೆಳಗೆ ಹೂಳಬೇಕು, ಅದೇ ನಮ್ಮ ಕೆಲಸ, ನನ್ನದು ಮತ್ತು ಬುಟ್ಟಿ ಹಿಡಿಯುವ ಅಕ್ಕನದು. ಮರಳು ಕಾದರೆ ಮರಿಗಳೆಲ್ಲ ಹೆಣ್ಣಾಗುತ್ತವೆ, ಅದಕ್ಕೇ ನೆರಳು — ಬರೀ ಹೆಣ್ಣೇ ಹುಟ್ಟಿದ್ರೆ ಇವಕ್ಕೆಲ್ಲ ಗಂಡು ಹುಡುಕೋರು ಯಾರೇ, ನೀನಾ, ನಿನ್ನ ಒಬ್ಬ ಮಗಳಿಗೇ ಹುಡುಕೋಕಾಗಿಲ್ಲ — ಅಕ್ಕ ಹಾಗೇ, ಬಾಯಿ ಸುಮ್ಮನಿರದು, ಕೈ ಮಾತ್ರ ಅಲುಗದು. ಅಲುಗಲೂಬಾರದು, ಗೂಡಿನಲ್ಲಿ ಯಾವ ಮಗ್ಗುಲು ಮೇಲಿತ್ತೋ ಬುಟ್ಟಿಯಲ್ಲೂ ಅದೇ ಮೇಲಿರಬೇಕು, ಹೊರಳಿದರೆ ಒಳಗಿನ ಜೀವ ಉಳಿಯುವುದಿಲ್ಲ, ಅದಕ್ಕೇ ಎತ್ತುವ ಮೊದಲು ಪ್ರತಿಯೊಂದರ ನೆತ್ತಿಗೂ ಒಂದು ಪೆನ್ಸಿಲ್ ಚುಕ್ಕಿ. ಹನ್ನೊಂದು ವರ್ಷದಲ್ಲಿ ಒಂದನ್ನೂ ಹೊರಳಿಸಿರಲಿಲ್ಲ ನಾನು, ಒಂದನ್ನೂ.

ಆಗ ಫೋನು ಬಂತು. ಮಗಳ ಹಡಗು, ನೀರು ಎಷ್ಟು ಬಿಸಿಯಾಯಿತೆಂದು ಅಳೆಯುತ್ತ ತಿರುಗುವ ಹಡಗು, ದಡದ ಹತ್ತಿರ ಹಾದುಹೋಗುವಾಗ ಮಾತ್ರ ಸಿಗುವ ಅವಳ ದನಿ, ಅಕ್ಕ ಫೋನನ್ನು ನನ್ನ ಕಿವಿಗೆ ಒತ್ತಿದಳು, ಅಮ್ಮಾ, ಈ ಸಲ ರಜಕ್ಕೆ ನಾನು — ಅಷ್ಟೇ, ಕಡಿದುಹೋಯಿತು. ಬರ್ತೀನಿ ಅಂತಲೋ, ಬರಲ್ಲ ಅಂತಲೋ. ನಾನು ಅನ್ನುವಾಗ ದನಿ ಮೇಲೇರಿತೋ ಇಳಿಯಿತೋ, ಎಷ್ಟು ಸಲ ನೆನೆದುಕೊಂಡರೂ ಒಂದೊಂದು ಸಲ ಒಂದೊಂದು ಥರ ಕೇಳುತ್ತದೆ, ಎರಡು ವರ್ಷವಾಯಿತು ಅವಳ ಮುಖ ನೋಡಿ, ಮತ್ತೆ ಫೋನು ಸಿಗಲು ಇನ್ನು ಹತ್ತು ದಿನ. ನೋಡಿದರೆ ಅಂಗೈಯಲ್ಲಿ ಕೊನೆಯ ಮೊಟ್ಟೆ, ಚುಕ್ಕಿಯಿಡುವ ಮೊದಲೇ ಎತ್ತಿಬಿಟ್ಟಿದ್ದೇನೆ, ಹೆಬ್ಬೆರಳು ತನ್ನ ಪಾಡಿಗೆ ಅದನ್ನು ಹೊರಳಿಸಿಬಿಟ್ಟಿದೆ — ಕೂಸಿನ ತಲೆ ಒಂದು ಕಡೆ ಚಪ್ಪಟೆಯಾಗದಿರಲೆಂದು ಮಗಳನ್ನು ಗಳಿಗೆಗೊಮ್ಮೆ ಈ ಮಗ್ಗುಲು ಆ ಮಗ್ಗುಲು ಮಾಡಿ ಮಲಗಿಸಿದ ಕೈಯಲ್ಲವೇ ಇದು, ಕಲಿತದ್ದನ್ನು ಮರೆಯಲಿಲ್ಲ. ಅಕ್ಕ ನೋಡಿದಳು. ಆಮೇಲೆ ಮೆಲ್ಲಗೆ, ಅದನ್ನ ಬುಟ್ಟಿ ಅಂಚಿಗಿಡು ತಾಯಿ, ನಿನಗೆ ಅನ್ನಿಸಿದ ಕಡೆ ಚುಕ್ಕಿ ಹಾಕು. ಹಾಕಿದೆ, ಕಣ್ಣು ಮುಚ್ಚಿ ಹಾಕಿದ ಹಾಗೆ.

ಮರಿ ಹೊರಬರಲು ಇನ್ನು ಐವತ್ತು ದಿನ, ಆಮೇಲೆ ತಿಳಿಯುತ್ತದೆ. ಹೆಣ್ಣಾಮೆ ಎಷ್ಟು ದೂರ ಹೋದರೂ ಹುಟ್ಟಿದ ದಡಕ್ಕೇ ಬಂದು ಮೊಟ್ಟೆಯಿಡುತ್ತೆ ಅಮ್ಮಾ, ಅಂದವಳು ಅವಳೇ, ಹತ್ತು ವರ್ಷದವಳು, ಇದೇ ಅಡುಗೆಮನೆಯಲ್ಲಿ, ಬಾಯಿ ತುಂಬ ಊಟ ಇಟ್ಟುಕೊಂಡು, ದಡ ಇಲ್ಲದಿದ್ದರೆ ಎಂದು ನಾನು ಕೇಳಲಿಲ್ಲ, ಆಗ ದಡ ಇತ್ತು. ಅವಳ ಹಾಸಿಗೆಯ ಹೊದಿಕೆ ಒಗೆಯಬೇಕೇ, ಒಗೆದಿಡುತ್ತೇನೆ, ಒಗೆದರೆ ಬರುತ್ತಾಳೆ, ಇಲ್ಲ, ಹಾಗೆಲ್ಲ ಇಲ್ಲ, ಹನಿ ಬಿತ್ತು, ತೊಳೆದ ತಟ್ಟೆ ಬೆಳ್ಳಗೆ, ಅದರ ಮೇಲೆ ಮರಳಿನ ಒಂದೇ ಒಂದು ಕಪ್ಪು ಕಾಳು, ಬಿಳಿಯ ಮೇಲೆ ಒಂದು ಚುಕ್ಕಿ, ಮೇಲಿತ್ತೋ, ಕೆಳಗಿತ್ತೋ, ಬಿಳಿಯ ಮೇಲೆ ಒಂದು ಚುಕ್ಕಿ