ನಂಬಿಕೆಯ ಕಾಲಮ್ಮಿಗೊಂದು ಸಹಿ

ಚಕ್ರದ ಮೇಲಿನ ಮನೆಗಳು ಸಾಲಾಗಿ ನಿಂತ ನಮ್ಮ ಟ್ರೈಲರ್ ಪಾರ್ಕಿನಲ್ಲಿ, ಕೌಂಟಿ ಸರ್ಕಾರ ಬಡವರಿಗೆ ಕೊಡುವ ದುಡ್ಡು ತೆಗೆದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಮಾತ್ರ ಸಹಾಯ ಕೇಳಬಾರದು. ಕೇಳಿದವರನ್ನು ಹಿಂದಿನಿಂದ ಆಡಿಕೊಳ್ಳುತ್ತಾರೆ. ನಾನೂ ಆಡಿಕೊಂಡವಳೇ.

ನನ್ನ ಮಗಳು ಬ್ರಿನ್‌ಗೆ ನಾಲ್ಕು ವರ್ಷ. ಅವಳಿಗೆ ಚುಚ್ಚುಮದ್ದು ಹಾಕಿಸಿದ ದಾಖಲೆ ಶುಕ್ರವಾರದೊಳಗೆ ತೋರಿಸದಿದ್ದರೆ ನನ್ನ ಪಾಲಿನ ಹಣ ಕಟ್ ಎಂದು ಕೌಂಟಿಯಿಂದ ಪತ್ರ ಬಂತು. ನಮ್ಮ ಸರ್ಕಾರಿ ವಿಮೆಯ ಕಾರ್ಡ್ ಒಪ್ಪುವ ಡಾಕ್ಟರು ಇರುವುದು ನಲವತ್ತು ಮೈಲಿ ಆಚೆ. ನನ್ನ ಕಾರು ಕೆಟ್ಟು ಮೂರು ತಿಂಗಳಾಗಿತ್ತು. ಕೌಂಟಿ ಆಫೀಸಿಗಾದರೆ ಬಸ್ಸಿದೆ, ಅಲ್ಲಿಗೆ ಹೋದೆ. ಕಿಟಕಿಯಾಚೆ ಕೂತಿದ್ದ ಮಿಸೆಸ್ ಪ್ರೂಟ್ ಒಂದು ಫಾರಂ ತಳ್ಳಿದಳು.

"ಲಸಿಕೆ ನನ್ನ ಧಾರ್ಮಿಕ ನಂಬಿಕೆಗೆ ವಿರುದ್ಧ ಅಂತ ಇಲ್ಲಿ ಸೈನ್ ಮಾಡು. ವಿನಾಯಿತಿ ಸಿಗುತ್ತೆ, ದುಡ್ಡು ನಿಲ್ಲಲ್ಲ."

"ನಂಗೆ ಹಂಗೇನೂ ನಂಬಿಕೆ ಇಲ್ವಲ್ಲ."

"ನಿಮ್ಮ ಪಾರ್ಕಲ್ಲಿ ಅರ್ಧ ಜನ ಹೀಗೇ ಭಕ್ತರಾಗಿರೋದು. ಹಾಕಮ್ಮ."

ಹಾಕಿದೆ.

ಪಾರ್ಕಿನಲ್ಲಿ ನನ್ನೊಡನೆ ನಾಲ್ಕು ಮಾತಾಡುವವಳೆಂದರೆ ಪಕ್ಕದ ಟ್ರೈಲರಿನ ವರ್ನಾ ಒಬ್ಬಳೇ. ಸಂಜೆ ಅವಳ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆವು. ಜೂನ್‌ನಲ್ಲಿ ಅವಳ ಮೊಮ್ಮಗಳು ಕೆಲ್ಸಿ ಅವಳ ಜೊತೆ ಇರಲು ಬಂದಳು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ನಡೆದಿತ್ತು, ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಆ ಮಗುವಿಗೆ ಲಸಿಕೆ ಹಾಕುವಂತಿಲ್ಲ. ಅವಳದು ಡಾಕ್ಟರು ಬರೆದುಕೊಟ್ಟ ನಿಜವಾದ ವಿನಾಯಿತಿ; ಸುತ್ತಲಿನ ಮಕ್ಕಳು ಚುಚ್ಚಿಸಿಕೊಂಡಿದ್ದರಷ್ಟೇ ಅವಳು ಕ್ಷೇಮ.

"ಊರಲ್ಲಿ ದಡಾರ ಎದ್ದಿದೆಯಂತೆ. ಬ್ರಿನ್‌ಗೆ ಎಲ್ಲಾ ಚುಚ್ಚಿಸಿದೀಯ ತಾನೇ?" ವರ್ನಾ ಕೇಳಿದಳು.

ಹೂಂ ಅಂದಿದ್ದರೆ ನಂಬುತ್ತಿದ್ದಳು. ಮೆಟ್ಟಿಲು, ಕಾಫಿ ಎಲ್ಲ ನನಗೆ ಉಳಿಯುತ್ತಿತ್ತು. ಆದರೆ ಆ ಮಗುವಿನ ಬೋಳುತಲೆ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ.

"ಇಲ್ಲ. ನಂಬಿಕೆಗೆ ವಿರುದ್ಧ ಅಂತ ಸೈನ್ ಮಾಡ್ಬಿಟ್ಟೆ. ಡಾಕ್ಟರ ಹತ್ರ ಹೋಗೋಕೆ ಕಾರಿರ್ಲಿಲ್ಲ."

ವರ್ನಾ ಕೆಲ್ಸಿಯನ್ನು ಎತ್ತಿಕೊಂಡು ಒಳಗೆ ಹೋಗಿ, ಜಾಲರಿ ಬಾಗಿಲಿನ ಚಿಲಕ ಹಾಕಿದಳು. ಒಳಗಿನಿಂದಲೇ ಅಂದಳು: "ನನ್ನ ಕಾರು ದಿನಾ ನಿನ್ನ ಕಣ್ಣೆದುರಿಗೇ ನಿಂತಿರುತ್ತಲ್ಲೇ. ಒಂದ್ ಮಾತು ಕೇಳಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ."

ಅದಾಗಿ ಹದಿನಾರು ದಿನ. ಮಾತಿಗೆ ಬ್ರಿನ್ ಬಿಟ್ಟರೆ ಯಾರೂ ಇಲ್ಲ, ಅವಳೂ ಕೆಲ್ಸಿ ಎಲ್ಲಿ ಎಂದೇ ಕೇಳುತ್ತಾಳೆ. ಈಗಲೂ ಆ ಬಾಗಿಲು ತಟ್ಟಿ ಕೇಳಿದರೆ ವರ್ನಾ ಕಾರಿನ ಕೀ ಹಿಡಿದುಕೊಂಡೇ ಹೊರಗೆ ಬರುತ್ತಾಳೆ, ನನಗೆ ಗೊತ್ತು. ದಿನಾ ಅವಳ ಮೆಟ್ಟಿಲಿನವರೆಗೆ ಹೋಗುತ್ತೇನೆ, ತಟ್ಟದೇ ವಾಪಸ್ ಬರುತ್ತೇನೆ.