ಗಂಟೆ ಹೊಡೆದ ಮೇಲೆ

ಬರೀ ಹುಲ್ಲಿನ ಹಲಗೆಗೆ ಹೊಡೆಯುವಾಗ ನನ್ನ ಬಾಣ ತಪ್ಪುವುದೇ ಇಲ್ಲ. ಅದರ ಮೇಲೆ ಬಣ್ಣದ ಸುತ್ತುಗಳ ಹಾಳೆ ಅಂಟಿಸಿದರೆ ಸಾಕು, ಬಿಲ್ಲಿನ ದಾರ ಹಿಡಿದ ಬೆರಳು ಬಿಡುವುದಿಲ್ಲ. ಎರಡು ವರ್ಷದಿಂದ ಇದೇ ಗೋಳು. ನನಗೆ ತರಬೇತಿ ಕೊಡುವ ಅಕ್ಕ ಅಭ್ಯಾಸದಲ್ಲಿ ಹಾಳೆಯನ್ನೇ ತೆಗೆಸಿದಳು. ಪಂದ್ಯದಲ್ಲಿ ತೆಗೆಸುವವರು ಯಾರು?

ಇಂದು ತಂಡದಲ್ಲಿ ಉಳಿಯಲು ಒಂದೇ ಬಾಣ ಬಾಕಿಯಿತ್ತು. ದಾರ ಎಳೆದು ನಿಂತೆ. ಹಾಳೆಯ ನಡುವಿನ ಹಳದಿ ಸುತ್ತಿಗೆ ಗುರಿಯಿಟ್ಟೆ.

"ಬಿಡೇ, ಬಿಟ್ಬಿಡೇ!" ಹಿಂದಿನಿಂದ ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಹಾಳು ಬೆರಳು ಜಪ್ಪಯ್ಯ ಎಂದರೂ ಬಿಡಲಿಲ್ಲ.

ಸಮಯ ಮುಗಿದ ಗಂಟೆ ಹೊಡೆಯಿತು. ಆಗ ಬೆರಳು ತಾನಾಗಿ ಬಿಚ್ಚಿಕೊಂಡಿತು. ಬಾಣ ಹಳದಿಯ ನಟ್ಟನಡುವೆ ನಾಟಿತು. ತೀರ್ಪುಗಾರ ಅದರತ್ತ ನೋಡದೆ ಸೊನ್ನೆ ಬರೆದ.

"ಈಗ ಹೇಗೇ ಬಿಟ್ಟೆ?" ಅಕ್ಕ ಸಿಡುಕಿದಳು.

"ಸೋತಾಗಿತ್ತಲ್ಲಕ್ಕ."