ಐದು ವಿಮಾನಗಳ ಮೂಗಿನ ಭಾರ

ಟಕ್ ಎಂದಿತು.

ಅನುಸೂಯಾ ಕಣ್ಣು ಬಿಟ್ಟಳು. ಹಲ್ಲಿ ಲೊಚಗುಟ್ಟಿದರೂ ಎಚ್ಚರಾಗುವ ನಿದ್ದೆ ಅವಳದು. ಮನೆಯ ಸದ್ದುಗಳೆಲ್ಲ ಅವಳಿಗೆ ಪರಿಚಯ: ಬಚ್ಚಲ ನಲ್ಲಿಯ ತೊಟ್ಟು, ಫ್ರಿಜ್ಜಿನ ನಡುಕ, ಕಾತ್ರಜ ಘಾಟಿನ ಕಡೆ ಹೋಗುವ ಲಾರಿಗಳಿಗೆ ಕಿಟಕಿಯ ಗಾಜು ಅದುರುವುದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಪಕ್ಕದಲ್ಲಿ ಗಂಡ ಈರಬಸಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಮತ್ತೊಂದು ಲಾರಿ ಹೋಯಿತು, ಗಾಜು ಅದುರಿತು. ಅದರ ಹಿಂದೆಯೇ ನಡುಮನೆಯಿಂದ ಇನ್ನೊಂದು ಸಲ, ಟಕ್.

ಎದ್ದು ಹೋಗಿ ಲೈಟು ಹಾಕಿದಳು. ಮಲಗುವಾಗ ಕಿಟಕಿಯ ಕೆಳಗಿನ ಮೇಜಿನ ಮೇಲೆ, ಆ ಸಂಜೆಯಷ್ಟೇ ಗಾಲಿ ಹಚ್ಚಿದ್ದ ಐದು ಪುಟ್ಟ ಯುದ್ಧವಿಮಾನಗಳು ಸಾಲಾಗಿ ನಿಂತಿದ್ದವು. ಈಗ ಮೂರು ನಿಂತಿದ್ದವು. ಉಳಿದೆರಡು ಬಾಲ ಊರಿ, ಮುಂದಿನ ಗಾಲಿಯನ್ನು ಗಾಳಿಯಲ್ಲಿ ಎತ್ತಿ, ರೊಟ್ಟಿ ಕೇಳುವ ನಾಯಿಗಳ ಹಾಗೆ ಕೂತಿದ್ದವು. ಮೂರನೆಯದರ ಬಾಲವನ್ನು ಅನುಸೂಯಾ ಬೆರಳ ತುದಿಯಿಂದ ಮುಟ್ಟಿದಳಷ್ಟೆ. ಅದೂ ಕೂತಿತು. ನಾಲ್ಕನೆಯದು, ಐದನೆಯದು. ಎಲ್ಲವೂ.

ಭಾನುವಾರಕ್ಕೆ ಇನ್ನು ಒಂದೇ ದಿನ ಇತ್ತು.

ಈರಬಸಪ್ಪ ಪಿಂಪರಿಯ ಒಂದು ಕಾರಖಾನೆಯಲ್ಲಿ ನಕಾಶೆ ಬರೆಯುವ ಕೆಲಸದವನು. ಮಾತಿಗಿಂತ ಗೆರೆಯೇ ಹೆಚ್ಚು. ಮದುವೆಯಾದಾಗಿನಿಂದ ಸಂಜೆಯೆಲ್ಲ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ವಿಮಾನ ಮಾಡುತ್ತಿದ್ದ. ಯಾರಿಗೂ ತೋರಿಸುತ್ತಿರಲಿಲ್ಲ. ಈ ವರ್ಷ ಮೊದಲ ಸಲ ಒಬ್ಬರು ಕೇಳಿಕೊಂಡು ಬಂದಿದ್ದರು. ಸೈನ್ಯದ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಕ್ಲಾಸು ತೆಗೆಯುತ್ತಿದ್ದ ನಿವೃತ್ತ ಅಧಿಕಾರಿ. ಕ್ಲಾಸಿನ ಬಾಗಿಲಲ್ಲೇ ಗಾಜಿನ ಕಪಾಟು, ಅದರಲ್ಲಿ ಐದು ಮಿಗ್ ವಿಮಾನಗಳು, ಕೆಳಗೆ ಈರಬಸಪ್ಪನ ಹೆಸರು. ಭಾನುವಾರ ಉದ್ಘಾಟನೆ. ಅದಕ್ಕೆಂದು ಅವನು ಹೊಸ ಅಂಗಿ ಹೊಲಿಸಿದ್ದ. ತಾನಾಗಿ ಅಂಗಿ ಹೊಲಿಸಿದ ಮನುಷ್ಯನೇ ಅಲ್ಲ.

ಐದನ್ನೂ ಅವನು ಒಟ್ಟಿಗೇ ಮಾಡಿದ. ಮೊದಲು ಐದರ ಪೈಲಟ್ ಕುರ್ಚಿಗಳು, ಆಮೇಲೆ ಐದರ ಒಡಲು, ಆಮೇಲೆ ಹತ್ತು ರೆಕ್ಕೆ. ತಿಂಗಳುಗಟ್ಟಲೆ ಮೇಜಿನ ಮೇಲೆ ವಿಮಾನ ಅನ್ನುವಂಥದ್ದು ಒಂದೂ ಇರಲಿಲ್ಲ. ಮೇಲಿನ ಮನೆಯ ಸೋಲಾಪುರದ ರಂಗೂಬಾಯಿ ಇಣುಕಿ ನೋಡಿ, “ಏನ್ರಿ ಅನುಸೂಯಾಬಾಯಿ, ನಿಮ್ಮವರು ವಿಮಾನ ಮಾಡ್ಲಿಕ್ಕತ್ತಾರೊ, ಬೊಂಬಿಲ ಮೀನಾ ಒಣಗಿಸ್ಲಿಕ್ಕತ್ತಾರೊ?” ಎಂದು ನಕ್ಕಿದ್ದಳು.

“ಒಂದೊಂದೇ ಮಾಡಬಾರದೇನ್ರಿ?” ಎಂದು ಅನುಸೂಯಾ ಗಂಡನನ್ನು ಕೇಳಿದ್ದಳು.

“ಐದು ಸಲ ಬಣ್ಣ ಕಲಸಿದ್ರ ಐದು ನಮೂನಿ ಆಗ್ತದ. ಒಮ್ಮೆ ಕಲಸಿದ್ರ ಐದೂ ಒಂದ.”

“ಮತ್ತ ತಪ್ಪಾದ್ರ?”

“ತಪ್ಪೂ ಐದಕ್ಕೂ ಒಂದ,” ಎಂದಿದ್ದ ಅವನು ತಲೆ ಎತ್ತದೆ. “ಅದಕ್ಕ ತಪ್ಪು ಮಾಡಬಾರ್ದು.”

ಆಗಿದ್ದ ತಪ್ಪು ಅವಳಿಗೆ ನೋಡುತ್ತಲೇ ತಿಳಿದಿತ್ತು. ಇಷ್ಟು ವರ್ಷ ಅಡುಗೆಮನೆಯ ಬಾಗಿಲಿಂದ ಅವನ ಕೈಯನ್ನೇ ನೋಡಿದವಳು. ಈ ವಿಮಾನಗಳಿಗೆ ಹಿಂಭಾರ ಹೆಚ್ಚು. ಒಡಲಿನ ಎರಡು ಹೋಳು ಕೂಡಿಸುವ ಮೊದಲು ಮೂಗಿನೊಳಗೆ ಸೀಸದ ಚೂರು ಅಂಟಿಸಬೇಕು. ಇಲ್ಲದಿದ್ದರೆ ಗಾಲಿಯ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ, ಸ್ವಲ್ಪ ಅದುರಿದರೂ ಬಾಲದ ಮೇಲೆ ಕೂತುಬಿಡುತ್ತವೆ. ಇದನ್ನು ಅವನು ಮರೆಯುವುದೆಂದರೆ, ಅವಳು ಒಗ್ಗರಣೆಗೆ ಎಣ್ಣೆ ಮರೆತ ಹಾಗೆ.

ಮೇಜಿನ ಖಾನೆ ಎಳೆದಳು. ಫಿಲ್ಮ್ ರೋಲಿನ ಕರಿ ಡಬ್ಬಿಯಲ್ಲಿ ಐದು ಕಾಗದದ ಪೊಟ್ಟಣ, ಟಾಯರ್ ಅಂಗಡಿಯಿಂದ ತಂದ ಸೀಸವನ್ನು ಕತ್ತರಿಸಿ, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ ಕಟ್ಟಿದ್ದು. ಒಂದರಿಂದ ಐದರವರೆಗೆ ಅಂಕಿ ಬರೆದಿತ್ತು. ಒಂದನ್ನೂ ಬಿಚ್ಚಿರಲಿಲ್ಲ.

ಯಾವಾಗ ಮರೆತ? ಗೋಡೆಯ ಮರಾಠಿ ಕ್ಯಾಲೆಂಡರಿನ ಚೌಕಗಳಲ್ಲಿ ಅವನು ದಿನದಿನದ ಕೆಲಸ ಮೊದಲೇ ಬರೆದಿಡುತ್ತಿದ್ದ, ಮುಗಿದ ಮೇಲೆ ಗುರುತು ಹಾಕುತ್ತಿದ್ದ. ಅವಳು ಹಾಳೆ ಹಿಂದಕ್ಕೆ ತಿರುವಿದಳು. ಸೆಪ್ಟೆಂಬರ್, ಆಗಸ್ಟ್, ಜುಲೈ. ಜುಲೈ ಹತ್ತೊಂಬತ್ತು, ಮಂಗಳವಾರ. ಅವನ ನಕಾಶೆ ಅಕ್ಷರದಲ್ಲಿ, “ಮೂಗಿಗೆ ಭಾರ. ಒಡಲು ಮುಚ್ಚುವುದು. ೫.” ಎರಡಕ್ಕೂ ಗುರುತು. ಅದರ ಮೇಲೆಯೇ, ಅದೇ ಚೌಕದಲ್ಲಿ, ಅವಳ ಅಕ್ಷರ: “ಸಂಸ್ಥೆ, ೧೧ ಗಂಟೆ.”

ಅನುಸೂಯಾ ಅಲ್ಲೇ ಕುರ್ಚಿ ಎಳೆದು ಕೂತಳು.

ಆವತ್ತು ಅವರು ದತ್ತು ಸಂಸ್ಥೆಗೆ ಹೋಗಿದ್ದರು. ಅರ್ಜಿ ಎರಡು ವರ್ಷ ಈರಬಸಪ್ಪನ ಚೀಲದಲ್ಲಿತ್ತು. “ನೋಡೂಣ ತಡಿ” ಎನ್ನುತ್ತಲೇ ಇದ್ದ. ಅಲ್ಲಿನ ಹೆಂಗಸು ಒಳ್ಳೆಯವಳೇ. ಇಬ್ಬರ ವಯಸ್ಸು ಕೂಡಿಸಿ, ಪೆನ್ನು ಕೆಳಗಿಟ್ಟು, ಮಿತಿ ತೊಂಬತ್ತು, ನಿಮ್ಮದು ತೊಂಬತ್ತೊಂದು ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದ್ದಳು. ಬಸ್ಸಿನಲ್ಲಿ ಈರಬಸಪ್ಪ ಒಂದೇ ಮಾತು ಆಡಿದ: “ಆತು ಬಿಡು.” ಮನೆಗೆ ಬಂದು ಕೈಕಾಲು ತೊಳೆದು ಮೇಜಿಗೆ ಕೂತ. ಅವಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವನು ಏಳಲಿಲ್ಲ. ಒಡಲುಗಳಿಗೆ ಬಟ್ಟೆಯ ಕ್ಲಿಪ್ಪು ಹಾಕುವ ಸದ್ದು ಮಾತ್ರ ಒಂದಾದ ಮೇಲೊಂದು ಕೇಳುತ್ತಿತ್ತು.

ದೌಂಡದಲ್ಲಿರುವ ತಂಗಿ ಮಾಧುರಿಗೆ ಫೋನಿನಲ್ಲಿ ಹೇಳಿಕೊಂಡಾಗ ಅವಳು ಸಿಟ್ಟಿಗೆದ್ದಿದ್ದಳು. “ಮಾಮಾಗ ಏನೂ ಅನಸೂದ ಇಲ್ಲೇನ ಅಕ್ಕಾ? ಪ್ಲಾಸ್ಟಿಕ್ ಹಚ್ಚಿ ಹಚ್ಚಿ ತಾನೂ ಪ್ಲಾಸ್ಟಿಕ್ ಆಗ್ಯಾನ ನೋಡು.” ಅನುಸೂಯಾ ಇಲ್ಲವೆನ್ನಲಿಲ್ಲ. ಆಮೇಲಿನ ಮೂರು ತಿಂಗಳು ಅವಳು ಅವನನ್ನು ಕಾಯ್ದು ಕಾಯ್ದು ನೋಡಿದ್ದಳು, ಮುಖದಲ್ಲಿ ಎಲ್ಲಾದರೂ ಒಂದು ಬಿರುಕು ಕಂಡೀತೆಂದು. ಉಂಡ, ಮಲಗಿದ, ಬಣ್ಣ ಹಚ್ಚಿದ. ಒಂದೇ ಹಾಸಿಗೆಯಲ್ಲಿ ಮಲಗಿಯೂ ಅವಳು ಒಬ್ಬಳೇ ಇದ್ದಳು.

ಈಗ ಐದು ಪೊಟ್ಟಣ ಅವಳ ಅಂಗೈಯಲ್ಲಿದ್ದವು. ಒಂದು ಮರೆತಿದ್ದರೆ ಕೈತಪ್ಪು ಎನ್ನಬಹುದು. ಐದು ಒಡಲು ಮುಚ್ಚಿದ್ದ, ಐದೂ ಖಾಲಿ. ಮಾಡದ ಕೆಲಸಕ್ಕೆ ಗುರುತು ಬೇರೆ ಹಾಕಿದ್ದ. ಆ ಸಂಜೆ ಅವನು ಬೆನ್ನು ತಿರುಗಿಸಿ ಕೂತು ಏನನ್ನೂ ನೋಡುತ್ತಿರಲಿಲ್ಲ.

ಎಬ್ಬಿಸಲೇ ಎಂದುಕೊಂಡಳು. ಎಬ್ಬಿಸಿದರೆ ಕ್ಯಾಲೆಂಡರು ನೋಡುತ್ತಾನೆ. ಆ ಚೌಕ ಕಾಣುತ್ತದೆ, ಅವಳ ಕಣ್ಣ ಮುಂದೆಯೇ. ಆಮೇಲೆ ಅವನು ಭಾನುವಾರ ಆ ಅಂಗಿ ತೊಡಲಾರ.

ಎರಡು ಟ್ಯೂಬಿನ ಅಂಟನ್ನು ರಟ್ಟಿನ ಮೇಲೆ ಹಿಂಡಿ, ಅವನು ಮಾಡುವ ಹಾಗೆಯೇ ಬೆಂಕಿಕಡ್ಡಿಯಿಂದ ಕಲಸಿದಳು. ಮುಂದಿನ ಗಾಲಿಯ ಪಕ್ಕ ಸಣ್ಣ ಕಿಂಡಿ ಇರುತ್ತದೆ. ಚಿಮಟದಲ್ಲಿ ಒಂದೊಂದೇ ಸೀಸದ ಚೂರು ಹಿಡಿದು, ಅಂಟಿಗೆ ಅದ್ದಿ, ಒಳಗೆ ತಳ್ಳಿ, ಮೂಗಿನ ತುದಿಗೆ ಜಾರುವವರೆಗೆ ಅಲುಗಿಸಿದಳು. ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಮೂರನೆಯದರ ಹೊತ್ತಿಗೆ ಕೈಗೆ ಲಯ ಬಂತು. ಐದನ್ನೂ ಮೂಗು ಕೆಳಗೆ ಮಾಡಿ ದಿಂಬಿಗೆ ಒರಗಿಸಿ, ಅಂಟು ಹಿಡಿಯುವವರೆಗೆ ಎದುರಿಗೆ ಕೂತಳು. ಬೆಳಗಿನ ಜಾವಕ್ಕೆ ಸಾಲಾಗಿ ನಿಲ್ಲಿಸಿದಳು. ಲಾರಿ ಹೋಯಿತು. ಯಾವುದೂ ಕೂರಲಿಲ್ಲ.

ಈರಬಸಪ್ಪ ಎದ್ದವನೇ ಮೇಜಿನ ಹತ್ತಿರ ಹೋದ. ಒಂದೊಂದರ ಬಾಲವನ್ನೂ ಬೆರಳಿಂದ ಒತ್ತಿ ಬಿಟ್ಟ. ಒಂದೊಂದೂ ಮತ್ತೆ ಮುಂದಿನ ಗಾಲಿ ಊರಿ ನಿಂತಿತು.

“ನಿಂತಾವಲ್ರಿ,” ಎಂದಳು ಅನುಸೂಯಾ, ಚಹಾ ಇಡುತ್ತ.

“ನಿಂದ್ರದ ಏನ್ ಮಾಡ್ತಾವ?” ಎಂದ. ಕಪ್ಪು ತೆಗೆದುಕೊಳ್ಳುವಾಗ ಅವಳ ಕೈ ನೋಡಿದ. “ಬೆರಳಿಗೆ ಏನಾಗ್ಯದ?”

“ಹಿಟ್ಟ್ರಿ. ರೊಟ್ಟಿ ಹಿಟ್ಟು.”

ಒಣಗಿದ ಅಂಟನ್ನು ಹತ್ತು ಮಾರು ದೂರದಿಂದ ಗುರುತಿಸುವವನು. ಅವಳ ಬೆರಳನ್ನು ಒಂದು ಗಳಿಗೆ ನೋಡಿ, “ಹ್ಞೂಂ” ಎಂದು ಕಿಟಕಿಯ ಕಡೆ ತಿರುಗಿದ. ಚಹಾ ಆರುವವರೆಗೂ ಹಾಗೇ ನಿಂತಿದ್ದ.

ಒಂಬತ್ತಕ್ಕೆ ಮಾಧುರಿಯ ಫೋನು. “ಏನಕ್ಕಾ, ಏನಂತಾನ ನಿನ್ನ ಪ್ಲಾಸ್ಟಿಕ್ ಗಂಡ?”

ಮಾತು ಅನುಸೂಯಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಾಧುರಿ ಬಾಯಿ ಮುಚ್ಚುತ್ತಿದ್ದಳು, ಮರುದಿನ ತನ್ನ ಗಂಡನಿಗೂ ಹೇಳುತ್ತಿದ್ದಳು, ವಾರದೊಳಗೆ ಅದು ದೌಂಡದ ರೈಲ್ವೆ ಕ್ವಾರ್ಟರ್ಸಿನ ಕತೆಯಾಗುತ್ತಿತ್ತು. ಒಳಗೆ ಅವನು ಐದು ವಿಮಾನಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದ.

“ಏನಿಲ್ಲವಾ,” ಎಂದಳು. “ವಿಮಾನ ಮುಗದಾವು. ನಾಳೆ ಒಯ್ತಾರ.”

ಫೋನಿಟ್ಟು, ಸೀಸ ಕಟ್ಟಿದ್ದ ಐದು ಖಾಲಿ ಕಾಗದಗಳನ್ನು ಒಲೆಯ ಉರಿಗೆ ಹಿಡಿದಳು. ತಂಗಿಗಲ್ಲ, ರಂಗೂಬಾಯಿಗಲ್ಲ, ಅವನಿಗೂ ಅಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು, ಜೋಳದ ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು.